ಮಗು ಯಾವ ದೇಶದ್ದು?

ಕುಂದಾಪುರ ಸೀಮೆಯ ಶಂಕರನಾರಾಯಣದ ಕಡೆಯ ತಾಯಂದಿರು ಮಗಳ ಬಾಣಂತನಕ್ಕೆಂದು ಅಮೆರಿಕದ ವಿಮಾನ ಹತ್ತುವುದು ಈಗ ಹೊಸ ಸಂಗತಿಯಲ್ಲ. ಲೇಹ್ಯದ ಡಬ್ಬಿ ಕಟ್ಟುವ ಹೊತ್ತಿಗೇ ಪ್ರಶ್ನೆಯೂ ಏಳುತ್ತದೆ: ‘ಮಗು ಯಾವ ದೇಶದ್ದಾಯ್ತು ಮಾರಾಯ್ರೆ?’

2025ರ ಜನವರಿ 20ರವರೆಗೆ ಉತ್ತರ ಸಲೀಸಾಗಿತ್ತು. ಅಮೆರಿಕದ ಸಂವಿಧಾನದ 1868ರ 14ನೇ ತಿದ್ದುಪಡಿಯ ಪ್ರಕಾರ, ಆ ನೆಲದಲ್ಲಿ ಹುಟ್ಟಿ ಅಲ್ಲಿನ ಕಾನೂನಿನ ವ್ಯಾಪ್ತಿಗೆ ಒಳಪಟ್ಟವರೆಲ್ಲ ಅಮೆರಿಕದ ಪ್ರಜೆಗಳು. ಸ್ಯಾನ್ ಫ್ರಾನ್ಸಿಸ್ಕೋದಲ್ಲಿ ಚೀನೀ ದಂಪತಿಗೆ ಹುಟ್ಟಿದ, ಅಡುಗೆ ಕೆಲಸದ ವಾಂಗ್ ಕಿಮ್ ಆರ್ಕ್ 1898ರಲ್ಲಿ ಸುಪ್ರೀಂ ಕೋರ್ಟಿನಲ್ಲಿ ಗೆದ್ದು ಈ ಹಕ್ಕನ್ನು ಗಟ್ಟಿಗೊಳಿಸಿದ್ದರು. ಟ್ರಂಪ್ ಅಧಿಕಾರಕ್ಕೆ ಬಂದ ದಿನವೇ ಹೊರಡಿಸಿದ ಆದೇಶ ‘ವ್ಯಾಪ್ತಿ’ ಎಂಬ ಆ ಮಾತನ್ನೇ ಹಿಡಿದುಕೊಂಡಿತು. ತಾಯಿ ಅಕ್ರಮವಾಗಿಯೋ ತಾತ್ಕಾಲಿಕ ವೀಸಾದ ಮೇಲೋ ಅಲ್ಲಿದ್ದು, ತಂದೆಗೆ ಪೌರತ್ವವಾಗಲಿ ಗ್ರೀನ್ ಕಾರ್ಡಾಗಲಿ ಇಲ್ಲದಿದ್ದರೆ ಮಗುವಿಗೆ ಪೌರತ್ವ ಇಲ್ಲ ಎಂದಿತು. ಎಚ್‌-1ಬಿ ಎಂಬ ತಾತ್ಕಾಲಿಕ ಉದ್ಯೋಗ ವೀಸಾದ ಮೇಲಿರುವ ನಮ್ಮ ಮಕ್ಕಳು ಸಿಕ್ಕಿಬೀಳುವುದು ಇಲ್ಲಿಯೇ. ಕೆಳಗಿನ ನ್ಯಾಯಾಲಯಗಳು ಆದೇಶಕ್ಕೆ ತಡೆ ಕೊಟ್ಟವು. 2025ರ ಡಿಸೆಂಬರಿನಲ್ಲಿ ಸುಪ್ರೀಂ ಕೋರ್ಟ್ ಪ್ರಕರಣವನ್ನು ವಿಚಾರಣೆಗೆ ಎತ್ತಿಕೊಂಡಿತು. ಅಪ್ಪ ಅಮ್ಮನ ವೀಸಾ ನೋಡಿ ಹಸುಗೂಸಿನ ನೆಲೆ ನಿರ್ಧರಿಸುವುದು ಅನ್ಯಾಯ ಎಂದೇ ನಾನು ನಂಬಿದ್ದೇನೆ.

ಆದರೆ ನಮ್ಮ ದೇಶವೂ ಇದೇ ದಾರಿಯಲ್ಲಿ ನಡೆದಿದೆ. 1955ರ ಪೌರತ್ವ ಕಾಯ್ದೆಯಡಿ, ಕುಂದಾಪುರದಲ್ಲಿ 1987ರ ಜೂನ್ 30ರಂದು ಹುಟ್ಟಿದ ಮಗುವಿಗೆ ಹುಟ್ಟಿದ ನೆಲವೇ ಸಾಕಿತ್ತು. ಮರುದಿನ ಹುಟ್ಟಿದ್ದರೆ ತಂದೆ ತಾಯಿಯರಲ್ಲಿ ಒಬ್ಬರಾದರೂ ಭಾರತೀಯರಾಗಿರಬೇಕು. ವಲಸಿಗರ ವಿರುದ್ಧದ ಅಸ್ಸಾಂ ಚಳವಳಿಯ ಬಿಸಿಯಲ್ಲಿ ಬಂದ ತಿದ್ದುಪಡಿ ಅದು. 2004ರ ಡಿಸೆಂಬರ್ 3ರಿಂದ ನಿಯಮ ಇನ್ನೂ ಬಿಗಿಯಾಯಿತು: ಇಬ್ಬರೂ ಭಾರತೀಯರಾಗಿರಬೇಕು, ಒಬ್ಬರೇ ಆಗಿದ್ದರೆ ಇನ್ನೊಬ್ಬರು ಅಕ್ರಮ ವಲಸಿಗರಾಗಿರಬಾರದು.

ಹೊರದೇಶದಲ್ಲಿ ಹುಟ್ಟಿದವರ ದಾರಿ ಗಲ್ಫ್ ಸಂಸಾರಗಳಿಗೆ ಚೆನ್ನಾಗಿ ಗೊತ್ತು. ಕುವೈತ್, ದುಬೈಗಳಲ್ಲಿ ಹುಟ್ಟಿದ ಮಾತ್ರಕ್ಕೆ ಪೌರತ್ವ ಸಿಗುವುದಿಲ್ಲ. ಹಾಗಾಗಿ ಒಂದು ವರ್ಷದೊಳಗೆ ಭಾರತೀಯ ದೂತಾವಾಸದಲ್ಲಿ ಜನನ ನೋಂದಾಯಿಸಬೇಕು. ಮಗುವಿಗೆ ಬೇರೆ ದೇಶದ ಪಾಸ್‌ಪೋರ್ಟ್ ಇಲ್ಲವೆಂದು ತಂದೆ ತಾಯಿ ಬರೆದುಕೊಡಬೇಕು. ವರ್ಷ ದಾಟಿದರೆ ಕೇಂದ್ರ ಸರ್ಕಾರದ ಅನುಮತಿ ಬೇಕು. ಅಮೆರಿಕದ ಆದೇಶ ಊರ್ಜಿತವಾದರೆ ಅಲ್ಲಿ ಹುಟ್ಟುವ ನಮ್ಮ ಮಕ್ಕಳಿಗೂ ಇದೇ ದಾರಿ. ಬಾಣಂತನದ ಗಡಿಬಿಡಿಯಲ್ಲಿ ಆ ವರ್ಷ ಕೈಜಾರಬಾರದು.

ಮಗುವಿಗೆ ಅಮೆರಿಕದ ಪಾಸ್‌ಪೋರ್ಟ್ ಮಾಡಿಸಿದರೆ ಈ ನೋಂದಣಿಗೆ ಅವಕಾಶವಿಲ್ಲ. ಸಿಗುವುದು ಒಸಿಐ ಕಾರ್ಡ್. ಅದು ಜೀವನಪೂರ್ತಿ ವೀಸಾ ಇದ್ದಂತೆ, ಪೌರತ್ವವಲ್ಲ, ಓಟು ಹಾಕುವಂತಿಲ್ಲ. ಅಜ್ಜಿಯ ಅಡಿಕೆ ತೋಟ ಪಾಲಿಗೆ ಬಂದರೆ ಇಟ್ಟುಕೊಳ್ಳಬಹುದು, ಪಕ್ಕದ ಗದ್ದೆಯನ್ನು ಕೊಂಡುಕೊಳ್ಳುವಂತಿಲ್ಲ.