ನೆಲದೊಳಗಿನ ಸೋರಿಕೆಯ ಪತ್ತೆ

ಸವದತ್ತಿಯ ಬಳಿ ಮಲಪ್ರಭೆಗೆ ಕಟ್ಟಿದ ಜಲಾಶಯದಿಂದ ಹುಬ್ಬಳ್ಳಿ-ಧಾರವಾಡಗಳಿಗೆ ಬರುವ ನೀರು ಮನೆಯ ನಳವನ್ನು ಮುಟ್ಟುವವರೆಗೆ ಬಹುಪಾಲು ದಾರಿಯನ್ನು ನೆಲದ ಕೆಳಗೇ ಸವೆಸುತ್ತದೆ. ನೀರು ರಸ್ತೆಯ ಮೇಲೆ ಉಕ್ಕಿದರೆ ಓಣಿಯವರೆಲ್ಲ ಬಲ್ಲರು. ಎರೆಮಣ್ಣಿನೊಳಗೆ ಇಂಗಿ ಇಲ್ಲವೆ ಗಟಾರಕ್ಕೆ ಇಳಿದು ಹೋದುದನ್ನು ಬಲ್ಲವರಾರು? ಎಂಜಿನಿಯರರು ‘ಸ್ಥಿತಿಯ ಅಂದಾಜು’ ಮತ್ತು ‘ದೋಷಪತ್ತೆ’ ಎಂದು ಕರೆಯುವ ವಿದ್ಯೆಗೆ ಇದಕ್ಕಿಂತ ಹತ್ತಿರದ ಉದಾಹರಣೆ ಬೇಕಿಲ್ಲ.

ಕೊಳವೆಜಾಲದ ಸ್ಥಿತಿಯೆಂದರೆ ಅದರ ಪ್ರತಿಯೊಂದು ಸಂಧಿಯಲ್ಲಿಯ ಒತ್ತಡ, ಪ್ರತಿಯೊಂದು ಕೊಳವೆಯಲ್ಲಿಯ ಹರಿವು. ಎಲ್ಲೆಡೆ ಮಾಪಕ ಕೂಡಿಸುವುದು ಆಗದ ಮಾತು. ಆದುದರಿಂದ ಕೆಲವೆಡೆ ಅಳೆದು, ಉಳಿದುದನ್ನು ಜಲಶಾಸ್ತ್ರದ ನಿಯಮಗಳಿಂದ ಲೆಕ್ಕ ಹಾಕಬೇಕು. ಈ ನಿಯಮಗಳೋ ಸರಳ ಪ್ರಮಾಣದಲ್ಲಿ ನಡೆಯುವಂಥವಲ್ಲ. ಹರಿವು 2 ಪಟ್ಟಾದರೆ ಘರ್ಷಣೆಯಿಂದ ನಷ್ಟವಾಗುವ ಒತ್ತಡ ಸುಮಾರು 3.6 ಪಟ್ಟಾಗುತ್ತದೆ. ಗಟ್ಟಿ ಕೊಳವೆಯ ತೂತಿನಿಂದ ಸೋರುವ ನೀರು 2 ಪಟ್ಟಾಗಬೇಕಾದರೆ ಒತ್ತಡ 4 ಪಟ್ಟಾಗಬೇಕು. ಇಂಥ ಅರೇಖೀಯ ಸಂಬಂಧಗಳನ್ನು ಒಮ್ಮೆಗೇ ಬಿಡಿಸಲಾಗದು; ಮೊದಲೊಂದು ಊಹೆ ಮಾಡಿ, ಅಳತೆಯೊಡನೆ ಹೋಲಿಸಿ, ತಿದ್ದಿ ತಿದ್ದಿ ನಿಜವನ್ನು ಸಮೀಪಿಸಬೇಕು. ಹಂಗೇರಿ ಮೂಲದ ರುಡಾಲ್ಫ್ ಕಾಲ್ಮನ್ 1960ರಲ್ಲಿ ಪ್ರಕಟಿಸಿದ ವಿಧಾನದ ಹುರುಳೂ ಹೀಗೆ ಊಹಿಸಿ ತಿದ್ದುವುದೇ. ಅರೇಖೀಯ ವ್ಯವಸ್ಥೆಗಳಿಗೆ ವಿಸ್ತರಿಸಿದ ಅದರ ರೂಪವು ಅಪೋಲೋ ಗಗನನೌಕೆಗಳ ದಾರಿಯ ಲೆಕ್ಕಕ್ಕೆ ಒದಗಿತು.

ಲೆಕ್ಕವು ಹೇಳಿದುದಕ್ಕೂ ಮಾಪಕವು ತೋರಿದುದಕ್ಕೂ ಇರುವ ಅಂತರವೇ ‘ಶೇಷ’. ಕೊಳವೆ ನೆಟ್ಟಗಿದ್ದರೆ ಶೇಷವು ಸೊನ್ನೆಯ ಆಜುಬಾಜಿನಲ್ಲಿ ಅತ್ತಿತ್ತ ಆಡುತ್ತಿರುತ್ತದೆ. ಒಂದೇ ಕಡೆಗೆ ವಾಲಿ ನಿಂತಿತೆಂದರೆ ಎಲ್ಲಿಯೋ ಸೋರಿಕೆಯಿದೆ, ಇಲ್ಲವೆ ಮಾಪಕವೇ ಕೆಟ್ಟಿದೆ. ಎಷ್ಟು ವಾಲಿದರೆ ನೆಲ ಅಗೆಯಬೇಕು? ಮಿತಿಯನ್ನು ಕಿರಿದಾಗಿಟ್ಟರೆ ಸುಳ್ಳು ಎಚ್ಚರಿಕೆಗೆ ಓಣಿಗಳನ್ನೆಲ್ಲ ಅಗೆದಾಯಿತು. ಹಿರಿದಾಗಿಟ್ಟರೆ ನಿಜವಾದ ಸೋರಿಕೆ ತಪ್ಪಿಹೋಯಿತು. ಇದನ್ನು ಗಣಿತವೊಂದೇ ತೀರ್ಮಾನಿಸಲಾರದು.

ಈ ಲೆಕ್ಕವೆಲ್ಲ ನಡೆಯಬೇಕಾದರೆ ಕೊಳವೆ ಸದಾ ತುಂಬಿರಬೇಕು. ಹಲವು ದಿನಗಳಿಗೊಮ್ಮೆ ನಳ ಬಿಡುವ ಊರಿನಲ್ಲಿ, ಬಿಟ್ಟೊಡನೆ ಮನೆಮನೆಯ ಹಂಡೆ-ಹರವಿಗಳು ಒಮ್ಮೆಲೇ ತುಂಬತೊಡಗುತ್ತವೆ. ಆಗ ಬಳಕೆ ಯಾವುದು, ಸೋರಿಕೆ ಯಾವುದು ಎಂದು ಬೇರ್ಪಡಿಸುವುದು ಅತಿ ಕಷ್ಟ. ಒತ್ತಡವಿಲ್ಲದ ಹೊತ್ತಿನಲ್ಲಿ ಬಿರುಕಿನೊಳಗಿಂದ ಕೊಳಚೆ ಒಳಸೇರುವ ಅಪಾಯ ಬೇರೆ. ಆದುದರಿಂದ ವಿಶ್ವಬ್ಯಾಂಕಿನ ನೆರವಿನಿಂದ 2008ರಲ್ಲಿ ಅವಳಿ ನಗರದ ಕೆಲವು ಪ್ರಾಯೋಗಿಕ ವಲಯಗಳಿಗೆ 24 ಗಂಟೆಯೂ ನೀರು ಹರಿದುದು ಗೃಹಿಣಿಯರ ಅನುಕೂಲಕ್ಕಷ್ಟೇ ಸಂಬಂಧಿಸಿದ ಸಂಗತಿಯಲ್ಲ. ಊರಿನ ಸಣ್ಣ ಭಾಗದಲ್ಲಾದರೂ ಕೊಳವೆಯ ದೋಷವನ್ನು ಅಳೆದು ತಿಳಿಯುವ ಸ್ಥಿತಿ ಒದಗಿತು.

ಜನರು ಮಲಗಿರುವ ರಾತ್ರಿ 2ರಿಂದ 4ರವರೆಗೆ ವಲಯದೊಳಕ್ಕೆ ಹೋಗುವ ನೀರು ತೀರ ಕಡಿಮೆಯಿರಬೇಕು. ಅದು ಕಾರಣವಿಲ್ಲದೆ ಏರಿ ಮರುರಾತ್ರಿಯೂ ಇಳಿಯದಿದ್ದರೆ ಸೋರಿಕೆಯ ಸಂಶಯ ಬಲವಾಗುತ್ತದೆ. ವಲಯದ ಬಾಯಲ್ಲಿರುವ ಒಂದೇ ಮಾಪಕವು ಸೋರಿಕೆಯುಂಟೆಂದು ಹೇಳೀತೇ ಹೊರತು ಎಲ್ಲಿ ಎಂದು ಹೇಳದು. ಅದಕ್ಕೆ ನಾಲ್ಕಾರು ಕಡೆ ಒತ್ತಡಮಾಪಕಗಳು ಬೇಕು. ಅಷ್ಟಾದರೂ ಗುರುತು ಸಿಗುವುದು ಓಣಿಯ ಮಟ್ಟಿಗೆ ಮಾತ್ರ. ಗುದ್ದಲಿ ಎಲ್ಲಿ ಬೀಳಬೇಕೆಂಬುದನ್ನು, ಊರು ಸದ್ದಡಗಿದ ಹೊತ್ತಿನಲ್ಲಿ ಕೊಳವೆಗೆ ಲೋಹದ ಕೋಲು ತಾಗಿಸಿ ಕಿವಿಗೊಟ್ಟು ಆಲಿಸುವ ಕೆಲಸಗಾರನೇ ಹೇಳಬೇಕು.