ಕೈಗೆ ಸಿಗಬೇಕಾದ ಯಕೃತ್ತು
ಶಿವನಿ, ಅಜ್ಜಂಪುರದ ಕಡೆಯ ತೋಟಗಳಲ್ಲಿ ಎಳನೀರು ಕೆತ್ತಿಸಿ ಗಂಜಿ ತಿನ್ನುವವರ ಕೈಗೆ ಒಂದು ಸಂಗತಿ ಗೊತ್ತಿರುತ್ತದೆ. ಚಿಪ್ಪಿನ ಚೂರಿನಿಂದ ತುಸು ಒತ್ತಿದರೆ ಗಂಜಿ ಬಾಗುತ್ತದೆ, ಇನ್ನಷ್ಟು ಒತ್ತಿದರೆ ಬಿಗಿಯುತ್ತದೆ, ಆಮೇಲೆ ಫಕ್ಕನೆ ಹರಿದುಬಿಡುತ್ತದೆ. ಶಸ್ತ್ರವೈದ್ಯರು ಯಕೃತ್ತನ್ನು ಸರಿಸುವಾಗ ನೆಚ್ಚುವುದೂ ಕೈಯ ಇಂಥ ತಿಳಿವನ್ನೇ. ಅದನ್ನು ರೋಗಿಯ ಮೈಮೇಲೆ ಕಲಿಯುವ ಬದಲು ಯಂತ್ರದ ಮೇಲೆ ಕಲಿಸುವುದು ವರ್ಚುವಲ್ ರಿಯಾಲಿಟಿ ಸಿಮ್ಯುಲೇಟರ್‌ನ ಉದ್ದೇಶ. ಇಂಥ ಯಂತ್ರಕ್ಕೆ ತಡವಾಗಿ ಬರುವ ಕರಾರುವಾಕ್ಕು ಉತ್ತರಕ್ಕಿಂತ ಹೊತ್ತಿಗೆ ಸರಿಯಾಗಿ ಬರುವ ಅಂದಾಜೇ ಮೇಲು ಎಂಬುದು ನನ್ನ ವಾದ.

ಸೆಕೆಂಡಿಗೆ 25–30 ಚಿತ್ರ ತೋರಿಸಿದರೆ ಕಣ್ಣು ಅದನ್ನು ಚಲನೆಯೆಂದು ಒಪ್ಪಿಕೊಳ್ಳುತ್ತದೆ. ಕೈ ಅಷ್ಟು ಸುಲಭಕ್ಕೆ ಒಪ್ಪುವುದಿಲ್ಲ. ಹಿಡಿಕೆಯಲ್ಲಿ ಸಿಗುವ ಪ್ರತಿಬಲವನ್ನು ಸೆಕೆಂಡಿಗೆ ಸುಮಾರು 1000 ಸಲ ಹೊಸದಾಗಿ ಕೊಡಬೇಕು. ಇಲ್ಲವಾದರೆ ಮೆತ್ತಗಿರಬೇಕಾದ ಅಂಗ ಕೈಯಲ್ಲಿ ಗಡಗಡ ನಡುಗುತ್ತದೆ. ಅಂದರೆ ಒಂದು ಲೆಕ್ಕಕ್ಕೆ ಒಂದು ಮಿಲಿಸೆಕೆಂಡ್. ಸೇತುವೆ, ವಿಮಾನದ ರೆಕ್ಕೆಗಳಿಗೆ ಬಳಸುವ ಫೈನೈಟ್ ಎಲಿಮೆಂಟ್ ವಿಧಾನ ವಸ್ತುವನ್ನು ಒಳಗೂ ಹೊರಗೂ ಚೂರು ಚೂರಾಗಿ ವಿಂಗಡಿಸಿ ಲೆಕ್ಕ ಹಾಕುತ್ತದೆ. ಪ್ರತಿ ಅಂಚಿನಲ್ಲೂ 20 ಬಿಂದುಗಳಿರುವ ಘನವೊಂದನ್ನು ತೆಗೆದುಕೊಳ್ಳಿ: ಒಟ್ಟು 8000 ಬಿಂದು, ಅವುಗಳಲ್ಲಿ 5832 ಒಳಗೆ, ಮೇಲ್ಮೈಯಲ್ಲಿ 2168 ಮಾತ್ರ. ಉಪಕರಣ ತಾಗುವುದು ಮೇಲ್ಮೈಗೆ ತಾನೆ? ಅಲ್ಲಿಯ ಬಿಂದುಗಳನ್ನಷ್ಟೇ ಹಿಡಿಯುವುದು ಬೌಂಡರಿ ಎಲಿಮೆಂಟ್ ವಿಧಾನ. ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿ ಮೃದು ಅಂಗಗಳಿಗೆ ಇದನ್ನು ಒಗ್ಗಿಸುವ ಸಂಶೋಧನೆ ನಡೆದಿದೆ. ಎಂಡೋಸ್ಕೋಪಿ ಸಿಮ್ಯುಲೇಟರ್ ತಯಾರಿಸುವ ಮಿಮಿಕ್ ಕಂಪನಿ ಬೆಳೆದದ್ದೂ ಅದೇ ಸಂಸ್ಥೆಯ ಆಸರೆಯಲ್ಲಿ. ಈ ವಿಧಾನದಲ್ಲೂ ತೊಡಕಿದೆ. ಬಿಂದುಗಳು ಕಡಿಮೆಯಾದರೂ ಪ್ರತಿಯೊಂದಕ್ಕೂ ಉಳಿದೆಲ್ಲದರ ಜೊತೆ ನಂಟು, ಹಾಗಾಗಿ ಸಮೀಕರಣಗಳು ದಟ್ಟ. ಆದರೆ ಅಂಗದ ಬಾಗುವಿಕೆ ಒತ್ತಡಕ್ಕೆ ಸಮಪ್ರಮಾಣದಲ್ಲಿದೆ ಎಂದಿಟ್ಟುಕೊಂಡರೆ ದೊಡ್ಡ ಲೆಕ್ಕವನ್ನು ಮೊದಲೇ ಮುಗಿಸಿಟ್ಟು, ಆ ಕ್ಷಣಕ್ಕೆ ಗುಣಾಕಾರವಷ್ಟೇ ಉಳಿಯುವಂತೆ ಮಾಡಬಹುದು.

ಇಲ್ಲೇ ಆಕ್ಷೇಪ ಏಳುತ್ತದೆ. ನಿಜವಾದ ಅಂಗ ಒತ್ತಿದಷ್ಟೂ ಬಿಗಿಯುತ್ತದೆ, ಬಿಟ್ಟಾಗ ನಿಧಾನವಾಗಿ ಮರಳುತ್ತದೆ; ಕತ್ತರಿಸಿದ ಕೂಡಲೇ ಮೊದಲೇ ಮಾಡಿಟ್ಟ ಲೆಕ್ಕ ಕೆಡುತ್ತದೆ. ತಪ್ಪು ಅನುಭವ ಕೈಗೆ ತಪ್ಪನ್ನೇ ಕಲಿಸದೇ? ಕತ್ತರಿಸುವಿಕೆಯ ಮಟ್ಟಿಗೆ ಈ ಮಾತು ಸರಿ, ಅಲ್ಲಿ ಹೆಚ್ಚು ನಿಖರ ಮಾದರಿಯೇ ಬೇಕು. ಆದರೆ ಕಲಿಕೆಯ ಮೊದಲ ಮೆಟ್ಟಿಲಿಗೆ ಈ ಭಯ ಸಲ್ಲದು. 2002ರಲ್ಲಿ ಅಮೆರಿಕದ ಯೇಲ್‌ನಲ್ಲಿ 16 ಕಿರಿಯ ಶಸ್ತ್ರವೈದ್ಯರ ಮೇಲೆ ನಡೆದ ಪರೀಕ್ಷೆಯಲ್ಲಿ, ಸಿಮ್ಯುಲೇಟರ್‌ನಲ್ಲಿ ಪಳಗಿದವರು ಪಿತ್ತಕೋಶವನ್ನು ಉಳಿದವರಿಗಿಂತ ಶೇ. 29ರಷ್ಟು ಬೇಗ ಬಿಡಿಸಿದರು. ಅವರ ತಪ್ಪುಗಳೂ ಸುಮಾರು ಆರನೇ ಒಂದು ಪಾಲಿಗೆ ಇಳಿದವು. ಅವರ ಪರದೆಯ ಮೇಲೆ ಅಂಗವೇ ಇರಲಿಲ್ಲ, ಇದ್ದದ್ದು ಗೋಲ, ಪೆಟ್ಟಿಗೆಗಳಂಥ ಸರಳ ಆಕೃತಿಗಳು. ಅಷ್ಟರಿಂದಲೇ ಕೈ ಇಷ್ಟು ಪಳಗುವುದಾದರೆ, ಅಂದಾಜಿನ ಯಕೃತ್ತನ್ನು ದೂರ ತಳ್ಳಲು ಕಾರಣ ಕಾಣದು.

ನಿಜವಾದ ಕೊರತೆ ಇರುವುದು ಅಳತೆಯಲ್ಲಿ. 1994ರಲ್ಲಿ ಅಮೆರಿಕದ ವಿಸಿಬಲ್ ಹ್ಯೂಮನ್ ಯೋಜನೆ ಪುರುಷ ದೇಹವೊಂದರ ಚಿತ್ರಗಳನ್ನು ಒಂದೊಂದು ಮಿಲಿಮೀಟರ್ ಅಂತರದಲ್ಲಿ ಒದಗಿಸಿತು. ಅದರಿಂದ ಯಕೃತ್ತಿನ ಆಕಾರ ಸಿಗುತ್ತದೆ, ಅದು ಎಷ್ಟು ಮೆತ್ತಗೆ ಎಂಬುದು ಸಿಗುವುದಿಲ್ಲ. ರಕ್ತ ಹರಿಯುವ ಜೀವಂತ ಅಂಗದ ಬಿಗಿತ ಶವದ ಅಂಗದ್ದರಂತಲ್ಲ. ಚಿತ್ರವನ್ನು ಇನ್ನಷ್ಟು ಮಿರುಗಿಸುವುದಕ್ಕೆ ಹಾಕುವ ಶ್ರಮ ಈ ಅಳತೆಯ ಕಡೆ ತಿರುಗಬೇಕು. ಕಡೂರು, ತರೀಕೆರೆಯಿಂದ ಎಂಜಿನಿಯರಿಂಗ್ ಮತ್ತು ವೈದ್ಯಕೀಯ ಓದಲು ಹೋಗುವ ಮಕ್ಕಳು ಜೊತೆಗೂಡಿ ಈ ಕೆಲಸ ಕೈಗೆತ್ತಿಕೊಳ್ಳಲಿ.