ಟಿಟ್ವಾಳಾದಿಂದ ವಸಯಿಗೆ: ಹಳೆಯ ಬಂದರು ಸೀಮೆಯ ಸೈಕಲ್ ದಾರಿಗಳು

ಕಲ್ಯಾಣದಿಂದ ಕಸಾರಾ ಕಡೆಗೆ ಹೊರಟ ಲೋಕಲ್ ರೈಲು ಶಹಾಡ್, ಅಂಬಿವಲಿ ದಾಟಿದ ಮೇಲೆ ಟಿಟ್ವಾಳಾದಲ್ಲಿ ನಿಲ್ಲುತ್ತದೆ. ಊರಿನ ಪಕ್ಕದಲ್ಲಿ ಕಾಳು ನದಿ ಹರಿಯುತ್ತದೆ. ಕೆರೆಯ ದಡದ ಮಹಾಗಣಪತಿ ದೇವಸ್ಥಾನ ಊರಿನ ಹೆಸರನ್ನು ಮುಂಬೈ ಸೀಮೆಯಲ್ಲೆಲ್ಲ ಹರಡಿದೆ. ಇಲ್ಲಿ ಕಣ್ವರ ಆಶ್ರಮವಿತ್ತು, ಶಕುಂತಲೆ ಈ ಗಣಪತಿಯನ್ನು ಪೂಜಿಸಿದಳು ಎಂಬುದು ಸ್ಥಳಪುರಾಣ. ದೇವಸ್ಥಾನದ ಜೀರ್ಣೋದ್ಧಾರಕ್ಕೆ ಪೇಶ್ವೆ ಮಾಧವರಾಯನ ಹೆಸರು ಹೇಳುತ್ತಾರೆ. ಹೊಸ ಕಟ್ಟಡಗಳು ವರ್ಷವರ್ಷವೂ ಏಳುತ್ತಿದ್ದರೂ ನಗರದ ಅಂಚು ಇನ್ನೂ ಇಲ್ಲೇ ಇದೆ. ನಾಲ್ಕು ಕಿಲೋಮೀಟರ್ ಆಚೆ ಹೋದರೆ ಭತ್ತದ ಗದ್ದೆ, ಇಟ್ಟಿಗೆ ಭಟ್ಟಿ, ತೇಗ ಮತ್ತು ಮುತ್ತುಗದ ಮರಗಳು ಶುರುವಾಗುತ್ತವೆ. ಡೊಂಬಿವಲಿ, ಕಲ್ಯಾಣ, ಠಾಣೆಯ ಸೈಕಲ್ ಸವಾರರಿಗೆ ಈ ಅಂಚೇ ಒಂದು ಹೆಬ್ಬಾಗಿಲು.

ಹಿಂದೆ ಇದು ಬಂದರಿನ ಹಿತ್ತಿಲಾಗಿತ್ತು. ರಾಜಮಾಚಿಯ ಬೆಟ್ಟಗಳಲ್ಲಿ ಹುಟ್ಟಿದ ಉಲ್ಲಾಸ್ ನದಿ ಕಲ್ಯಾಣದ ಬಳಿ ಅಗಲವಾಗಿ ಖಾಡಿಯಾಗುತ್ತದೆ. ಸಮುದ್ರ ಅಲ್ಲಿಂದ ಎಷ್ಟೋ ದೂರದಲ್ಲಿದ್ದರೂ ಭರತ ಇಳಿತದ ಉಸಿರು ಅಲ್ಲಿಯವರೆಗೂ ಬರುತ್ತದೆ. ದುರ್ಗಾಡಿ ಕೋಟೆಯ ಕೆಳಗಿನ ಸೇತುವೆಯ ಮೇಲೆ ಸ್ವಲ್ಪ ಹೊತ್ತು ನಿಂತು ನೋಡಿದವರಿಗೆ ನೀರು ಕೆಲವೊಮ್ಮೆ ಸಮುದ್ರದ ಕಡೆಗೂ ಕೆಲವೊಮ್ಮೆ ಬೆಟ್ಟದ ಕಡೆಗೂ ಹರಿಯುವುದು ಕಾಣುತ್ತದೆ. ಈ ನೀರಿನ ಮೇಲೆಯೇ ಹಡಗುಗಳು ಒಳನಾಡಿಗೆ ಬರುತ್ತಿದ್ದವು. ಕ್ರಿ.ಶ. ಮೊದಲ ಶತಮಾನದ ಗ್ರೀಕ್ ನಾವಿಕರ ಕೈಪಿಡಿ ‘ಪೆರಿಪ್ಲಸ್’ ಕಲ್ಯಾಣವನ್ನು ಬಂದರೆಂದು ಹೆಸರಿಸಿದೆ. ಕಲ್ಯಾಣದ ವರ್ತಕರು ಕೊಟ್ಟ ದಾನಗಳು ಕಾನ್ಹೇರಿ ಗುಹೆಗಳ ಶಾಸನಗಳಲ್ಲಿವೆ. (ಕನ್ನಡಿಗರಿಗೆ ಕಲ್ಯಾಣ ಎಂದೊಡನೆ ನೆನಪಾಗುವ ಬಸವಕಲ್ಯಾಣ ಬೇರೆ, ಇದು ಬೇರೆ.) 1657ರಲ್ಲಿ ಶಿವಾಜಿ ಕಲ್ಯಾಣ, ಭಿವಂಡಿಗಳನ್ನು ವಶಮಾಡಿಕೊಂಡ. ಮರಾಠಾ ನೌಕಾಪಡೆಯ ಮೊದಲ ಹಡಗುಗಳ ಕೆಲಸ ಈ ಖಾಡಿಯಲ್ಲೇ ಆರಂಭವಾಯಿತು.

ಬಂದರಿನ ಸರಕು ಪೂರ್ವಕ್ಕೆ ಸಾಗುತ್ತಿದ್ದದ್ದು ಎತ್ತು ಕತ್ತೆಗಳ ಬೆನ್ನ ಮೇಲೆ. ಆ ದಾರಿಯ ಒಂದು ತುದಿ ಟಿಟ್ವಾಳಾದಿಂದ ಗೋವೇಲಿ ಮೂಲಕ ಮುರಬಾಡಕ್ಕೆ ಹೋಗುವ ಸೈಕಲ್ ಸವಾರನಿಗೆ ಸಿಗುತ್ತದೆ. ಗೋವೇಲಿಯವರೆಗೆ ರಸ್ತೆ ಶಾಂತವಾಗಿರುತ್ತದೆ. ಅಲ್ಲಿ ಕಲ್ಯಾಣ–ಮುರಬಾಡ ಹೆದ್ದಾರಿ ಸೇರಿದ ಮೇಲೆ ಲಾರಿ, ಬಸ್ಸುಗಳ ಓಡಾಟ ಹೆಚ್ಚು. ಮುರಬಾಡದ ಆಚೆ ಸಹ್ಯಾದ್ರಿಯ ಗೋಡೆ ಎದುರಾಗುತ್ತದೆ, ಅದರ ಒಂದು ಸೀಳಿನಲ್ಲಿ ನಾಣೇಘಾಟ್ ಇದೆ. ಘಟ್ಟದ ತಲೆಯ ಗುಹೆಯಲ್ಲಿ ಶಾತವಾಹನ ರಾಣಿ ನಾಗನಿಕೆಯ ಬ್ರಾಹ್ಮೀ ಶಾಸನ, ಹೊರಗೆ ಸುಂಕದ ಹಣ ಹಾಕುತ್ತಿದ್ದರೆಂದು ಹೇಳುವ ಕಲ್ಲಿನ ಹಂಡೆ ಇವೆ. ಆ ದಾರಿ ಕಲ್ಲು ಮೆಟ್ಟಿಲಿನದು. ಸೈಕಲ್ಲನ್ನು ಬುಡದಲ್ಲೇ ಬಿಟ್ಟು ನಡೆದು ಹತ್ತಬೇಕು.

ಕನ್ನಡ ಓದುಗರಿಗೆ ಹೆಚ್ಚು ಹತ್ತಿರದ ಕಥೆ ಪಶ್ಚಿಮದ ಕಡೆಗಿದೆ. ಕಲ್ಯಾಣ, ಭಿವಂಡಿ, ಪಡಘಾಗಳ ನಡುವಿನ ಹಳ್ಳಿಗಳಲ್ಲಿ ಲೋನಾಡ್ ಒಂದು. ಊರ ಹತ್ತಿರದ ಗುಡ್ಡದಲ್ಲಿ ಬೌದ್ಧ ಗುಹೆಯೊಂದಿದೆ, ಕೆಳಗೆ ಶಿಲಾಹಾರರ ಕಾಲದ ಶಿವಾಲಯದ ಅವಶೇಷಗಳಿವೆ. ಉತ್ತರ ಕೊಂಕಣವನ್ನು ಆಳಿದ ಶಿಲಾಹಾರರು ಮಾನ್ಯಖೇಟದ ರಾಷ್ಟ್ರಕೂಟರ ಸಾಮಂತರು. ಅಮೋಘವರ್ಷ ನೃಪತುಂಗನ ಆಸ್ಥಾನದಲ್ಲಿ ‘ಕವಿರಾಜಮಾರ್ಗ’ ಹುಟ್ಟಿದ 9ನೇ ಶತಮಾನದಲ್ಲೇ ಕಾನ್ಹೇರಿಯ ಶಾಸನಗಳು ಅವನನ್ನು ಚಕ್ರವರ್ತಿಯೆಂದು ಹೇಳಿ, ಶಿಲಾಹಾರ ಪುಲ್ಲಶಕ್ತಿ ಮತ್ತು ಕಪರ್ದಿಯರನ್ನು ಕೊಂಕಣದ ಒಡೆಯರೆಂದು ಹೆಸರಿಸುತ್ತವೆ. ಶಿಲಾಹಾರರ ಬಿರುದುಗಳಲ್ಲಿ ‘ಮಲಗಲಗಂಡ’, ‘ನನ್ನಿಸಮುದ್ರ’ದಂಥ ಕನ್ನಡ ಪದಗಳು ಸಂಸ್ಕೃತದ ನಡುವೆ ಹಾಗೇ ಕುಳಿತಿವೆ. ‘ನನ್ನಿ’ ಎಂದರೆ ಹಳಗನ್ನಡದಲ್ಲಿ ಸತ್ಯ.

973ರಲ್ಲಿ ಚಾಲುಕ್ಯ ತೈಲಪ ರಾಷ್ಟ್ರಕೂಟರನ್ನು ಸೋಲಿಸಿದ. ಇಪ್ಪತ್ತನಾಲ್ಕು ವರ್ಷಗಳ ಬಳಿಕ, 997ರಲ್ಲಿ, ಶಿಲಾಹಾರ ಅಪರಾಜಿತ ಲೋನಾಡಿನ ಸೂರ್ಯದೇವನಾದ ಲೋಣಾದಿತ್ಯನಿಗೆ ಭಾದಾನ ಎಂಬ ಹಳ್ಳಿಯನ್ನು ದಾನ ಕೊಟ್ಟು ತಾಮ್ರಪಟ ಬರೆಸಿದ. ಭಾದಾನ ಕೂಡ ಭಿವಂಡಿಯ ಸುತ್ತಿನ ಊರೇ. ಅಪರಾಜಿತನ ಮೇಲೆ ಆಗ ಯಾವ ರಾಷ್ಟ್ರಕೂಟ ದೊರೆಯೂ ಇರಲಿಲ್ಲ. ಆದರೂ ಆ ಪಟ ಅಳಿದುಹೋದ ಒಡೆಯರ ವಂಶಾವಳಿಯನ್ನು ಪೂರ್ತಿ ಹೇಳಿ, ಅವರ ರಾಜ್ಯ ಈಗ ನೆನಪು ಮಾತ್ರ ಎಂದು ಮರುಗುತ್ತದೆ. ಋಣವಿಲ್ಲದ ಮೇಲೂ ಋಣ ನೆನೆದ ಇಂಥ ದಾಖಲೆ ಅಪರೂಪ. ಭಿವಂಡಿಯ ಗದ್ದೆಬಯಲಿನಲ್ಲಿ ಕರ್ನಾಟಕದ ಒಂದು ಸಾಮ್ರಾಜ್ಯದ ಶೋಕವಾರ್ತೆ ಹೀಗೆ ಉಳಿದುಕೊಂಡಿತು.

ಈ ಸೀಮೆಯ ಹಳ್ಳಿಗಳಲ್ಲಿ ಶಿಲಾಹಾರರ ಇನ್ನೊಂದು ಗುರುತು ‘ಗದ್ಧೇಗಳ’, ಎಂದರೆ ಕತ್ತೆಯ ಕಲ್ಲು. ಆಳೆತ್ತರದ ಚಪ್ಪಡಿಯ ಮೇಲ್ತುದಿಯಲ್ಲಿ ಸೂರ್ಯ, ಚಂದ್ರ, ಕಳಶ, ನಡುವೆ ದಾನದ ವಿವರ, ಕೆಳಗೆ ದಾನ ಕೆಡಿಸಿದವನ ಮನೆಯ ಹೆಣ್ಣಿಗೆ ಕತ್ತೆಯಿಂದ ಒದಗುವ ಅವಮಾನದ ಕ್ರೂರ ಚಿತ್ರ. ಕರ್ನಾಟಕದ ಶಾಸನಗಳ ಸೂರ್ಯಚಂದ್ರರನ್ನೂ ಶಾಪವಾಕ್ಯಗಳನ್ನೂ ಕಂಡವರಿಗೆ ಮೇಲಿನ ಭಾಗ ತಟ್ಟನೆ ಪರಿಚಿತವೆನಿಸುತ್ತದೆ. ಹಲವು ಕಡೆ ಹಳ್ಳಿಗರು ಈ ಕಲ್ಲುಗಳಿಗೆ ಸಿಂಧೂರ ಬಳಿದು ದೇವರೆಂದು ಪೂಜಿಸುತ್ತಾರೆ. ಅಕ್ಷರಗಳು ಸಿಂಧೂರದ ಪದರದಡಿ ಮುಚ್ಚಿಹೋಗಿರುತ್ತವೆ, ಬೆರಳಿಗೆ ಅವುಗಳ ಅಂಚಷ್ಟೇ ಸಿಗುತ್ತದೆ. ಕಾರಿನಲ್ಲಿ ಹೋಗುವವರಿಗೆ ಇಂಥ ಕಲ್ಲು ಕಾಣುವುದು ಕಷ್ಟ. ಸೈಕಲ್ಲಿನ ಗಂಟೆಗೆ ಹದಿನೈದು ಕಿಲೋಮೀಟರ್ ವೇಗದಲ್ಲಿ ಗದ್ದೆಯ ಬದು, ಮರದ ಬುಡ, ಒಂಟಿ ಕಲ್ಲು ಒಂದೊಂದಾಗಿ ಕಣ್ಣಿಗೆ ಬೀಳುತ್ತವೆ. ಹಾದಿಹೋಕರು, ಎತ್ತಿನ ಗಾಡಿಗಳು ಕಂಡ ನಾಡನ್ನು ಕಾಣಲು ಈ ವೇಗವೇ ತಕ್ಕದ್ದು.

ಎಲ್ಲ ದಾರಿಯೂ ನಿಶ್ಶಬ್ದವೆಂದು ಭಾವಿಸಬಾರದು. ಭಿವಂಡಿಯ ಸುತ್ತ ಗೋದಾಮುಗಳು ಸಾಲುಗಟ್ಟಿವೆ. ಮುಂಬೈ–ನಾಸಿಕ ಹೆದ್ದಾರಿಯಲ್ಲೂ ಭಿವಂಡಿ–ವಾಡಾ ರಸ್ತೆಯಲ್ಲೂ ಸರಕು ಲಾರಿಗಳ ಸಾಲು ಹಗಲಿರುಳು ಓಡುತ್ತದೆ. 2025ರಲ್ಲಿ ಪೂರ್ತಿ ತೆರೆದ, 701 ಕಿಲೋಮೀಟರ್ ಉದ್ದದ ಸಮೃದ್ಧಿ ಮಹಾಮಾರ್ಗ ಭಿವಂಡಿ ತಾಲೂಕಿನ ಆಮಣೆಯಲ್ಲಿ ಮುಗಿಯುತ್ತದೆ. ಅದರ ಮೇಲೆ ಸೈಕಲ್ಲಿಗೆ ಪ್ರವೇಶವಿಲ್ಲ. ನಸುಕಿನಲ್ಲಿ ಹೊರಟು ಹೆದ್ದಾರಿಯನ್ನು ಅಡ್ಡ ದಾಟುವುದಕ್ಕಷ್ಟೇ ಬಳಸಿ, ಹಳ್ಳಿಯಿಂದ ಹಳ್ಳಿಗೆ ಹೋಗುವ ರಸ್ತೆಗಳನ್ನು ಹಿಡಿಯುವುದು ಜಾಣತನ. ಅಂಗಾರಕ ಸಂಕಷ್ಟಿಯ ದಿನ ಟಿಟ್ವಾಳಾದ ರಸ್ತೆಗಳೇ ಭಕ್ತರಿಂದ ತುಂಬಿರುತ್ತವೆ. ಅಂದು ಅಲ್ಲಿಂದ ಸವಾರಿ ಹೊರಡುವ ಆಸೆ ಬಿಡಬೇಕು.

ಅಂಬಾಡಿ ನಾಕಾದಲ್ಲಿ ವಾಡಾ ರಸ್ತೆ ಬಿಟ್ಟು ವಜ್ರೇಶ್ವರಿಯ ಕಡೆ ತಿರುಗಿದರೆ ಲಾರಿಗಳ ಗದ್ದಲ ಇಳಿಯುತ್ತದೆ. ತಾನಸಾ ನದಿಯ ಬಯಲಿನಲ್ಲಿ ಅಕಲೋಲಿಯ ಬಿಸಿನೀರಿನ ಬುಗ್ಗೆಗಳಿವೆ, ಹತ್ತಿರದಲ್ಲೇ ಗಣೇಶಪುರಿ. ಕಾಞಂಗಾಡಿನಲ್ಲಿ ಬಂಡೆ ಕೊರೆಸಿ ಗುಹೆಗಳನ್ನು ಮಾಡಿಸಿದ, ತುಳುನಾಡಿನಲ್ಲಿ ಮನೆಮಾತಾದ ಭಗವಾನ್ ನಿತ್ಯಾನಂದರು ಕೊನೆಯ ವರ್ಷಗಳನ್ನು ಕಳೆದದ್ದು ಇಲ್ಲಿ. 1961ರ ಆಗಸ್ಟ್ 8ರಂದು ಇಲ್ಲೇ ಸಮಾಧಿಯಾದರು. ಅವರ ಶಿಷ್ಯ, ಮಂಗಳೂರು ಸೀಮೆಯಲ್ಲಿ ಹುಟ್ಟಿದ ಮುಕ್ತಾನಂದರ ಆಶ್ರಮವೂ ಇಲ್ಲಿದೆ. ಮುಂಬೈಯ ದಕ್ಷಿಣ ಕನ್ನಡದ ಕುಟುಂಬಗಳಿಗೆ ಈ ಹಳ್ಳಿ ಊರ ದೇವಸ್ಥಾನದಷ್ಟೇ ಆಪ್ತ.

ವಜ್ರೇಶ್ವರಿಯ ದೇವಸ್ಥಾನ ಪೇಶ್ವೆ ಬಾಜೀರಾಯನ ತಮ್ಮ ಚಿಮಾಜಿ ಅಪ್ಪಾನ ಹರಕೆಯದು. ವಸಯಿ ಕೋಟೆ ಗೆದ್ದರೆ ಗುಡಿ ಕಟ್ಟಿಸುವೆನೆಂದು ಅವನು ಹೊತ್ತಿದ್ದನಂತೆ. 1534ರ ಒಪ್ಪಂದದಲ್ಲಿ ಗುಜರಾತಿನ ಸುಲ್ತಾನನಿಂದ ವಸಯಿ ಪಡೆದ ಪೋರ್ಚುಗೀಸರು ಎರಡು ಶತಮಾನ ಈ ಕರಾವಳಿಯನ್ನು ಆಳಿದರು. 1739ರ ಮೇ ತಿಂಗಳಲ್ಲಿ ಕೋಟೆ ಮರಾಠರ ವಶವಾಯಿತು. ಆ ಕಾಳಗದ ಹಿಂದಿನ ಸಂಚಿನಲ್ಲಿ ಮುಖ್ಯನಾಗಿದ್ದ ಗಂಗಾಜಿ ನಾಯಕ ಭಿವಂಡಿ ಪಕ್ಕದ ಅಂಜೂರಿನವನು.

ವಜ್ರೇಶ್ವರಿಯಿಂದ ಪಾರೋಳ್, ಶಿರಸಾಡ್ ದಾಟಿ ಇಳಿಯುವ ರಸ್ತೆಯ ಎಡಕ್ಕೆ ತುಂಗಾರೇಶ್ವರದ ಕಾಡುಬೆಟ್ಟ. ಈ ಓಟಕ್ಕೆ ಗಾಳಿಯ ಲೆಕ್ಕವೂ ಬೇಕು. ಬೆಳಿಗ್ಗೆ ಗಾಳಿ ನೆಲದಿಂದ ಕಡಲಿಗೆ ಬೀಸುತ್ತದೆ, ಬಿಸಿಲೇರಿ ನೆಲ ಕಾದ ಮೇಲೆ ಕಡಲಿನಿಂದ ಒಳಕ್ಕೆ. ಪಶ್ಚಿಮಕ್ಕೆ ಹೊರಟವರು ತಡಮಾಡಿದರೆ ಮಧ್ಯಾಹ್ನದ ಎದುರುಗಾಳಿ ಮುಖಕ್ಕೆ ಬಡಿದು ಪೆಡಲ್ ಭಾರವಾಗುತ್ತದೆ. ಅಕ್ಟೋಬರ್ ಕೊನೆಯಿಂದ ಫೆಬ್ರವರಿವರೆಗಿನ ತಿಂಗಳುಗಳು ಹದವಾದವು. ಮಾರ್ಚಿನಲ್ಲಿ ಮುತ್ತುಗ ಅರಳಿ ಬೆಟ್ಟ ಕೆಂಪಾಗುತ್ತದೆ, ಸೆಖೆಯೂ ಏರುತ್ತದೆ. ಮಳೆಗಾಲದಲ್ಲಿ ಊರು ಚೆಂದ, ನದಿ ಅಪಾಯ. 2019ರ ಜುಲೈ 27ರಂದು ಇದೇ ಉಲ್ಲಾಸ್ ಉಕ್ಕಿ, ಕೊಲ್ಹಾಪುರಕ್ಕೆ ಹೊರಟಿದ್ದ ಮಹಾಲಕ್ಷ್ಮಿ ಎಕ್ಸ್‌ಪ್ರೆಸ್ ರೈಲು ಬದಲಾಪುರದ ಬಳಿ ನೀರಿನ ನಡುವೆ ಸಿಕ್ಕಿಕೊಂಡಿತ್ತು. ಸವಾರಿಗೆ ಭಾರಿ ಬೆಲೆಯ ಸೈಕಲ್ ಬೇಕಿಲ್ಲ. ತುಸು ಅಗಲದ ಟಯರು, ಒಂದು ಹೆಚ್ಚಿನ ಟ್ಯೂಬು, ಪಂಪು, ಹಿಂದೆ ಮುಂದೆ ದೀಪ, ಎರಡು ಬಾಟಲಿ ನೀರು ಸಾಕು.

ಆ ರಸ್ತೆ ಇಳಿದು ವಸಯಿಯ ಕಡೆ ಸಾಗುವಾಗ ಸಿಗುವ ನಾಲಾ ಸೋಪಾರಾ ಪುರಾಣದ ಶೂರ್ಪಾರಕ. ಅಲ್ಲಿನ ‘ಬುರುಡ ರಾಜಾಚೆ ಕೋಟ್’ ದಿಬ್ಬವನ್ನು 1882ರಲ್ಲಿ ಭಗವಾನ್‌ಲಾಲ್ ಇಂದ್ರಜಿ ಅಗೆದಾಗ ಬೌದ್ಧ ಸ್ತೂಪ, ಅದರ ಒಡಲಲ್ಲಿ ಕಲ್ಲಿನ ಭರಣಿ, ಕಂಚಿನ ಎಂಟು ಬುದ್ಧಮೂರ್ತಿಗಳು ಸಿಕ್ಕವು. ಅಶೋಕನ ಎಂಟನೆಯ ಬಂಡೆಶಾಸನದ ಒಂದು ತುಂಡು ಸಿಕ್ಕಿದ್ದೂ ಅದೇ ವರ್ಷ. ಒಂಬತ್ತನೆಯದರ ತುಂಡು 1956ರಲ್ಲಿ ಪಕ್ಕದ ಭುಯಿಗಾಂವಿನಲ್ಲಿ ಸಿಕ್ಕಿತು. ಕಲಬುರಗಿಯ ಸನ್ನತಿಯಲ್ಲಿ ದೊರೆತದ್ದೂ ಇದೇ ಮಾಲೆಯ ಶಾಸನಗಳು.

ಸೋಪಾರಾದ ಅಪಾರ್ಟ್‌ಮೆಂಟುಗಳ ದಟ್ಟಣೆ ದಾಟಿ ಭುಯಿಗಾಂವ್, ಗಿರಿಜ್ ಕಡೆಯ ರಸ್ತೆ ಹಿಡಿದರೆ ಸವಾರಿ ಮತ್ತೆ ತಂಪಾಗುತ್ತದೆ. ಎರಡೂ ಕಡೆ ಬಾಳೆ, ತೆಂಗು, ಹೂವಿನ ವಾಡಿಗಳು, ತಿರುವುಗಳಲ್ಲಿ ಬಿಳಿ ಸುಣ್ಣದ ಶಿಲುಬೆಗಳು. ದಾರಿ ವಸಯಿ ಕೋಟೆಯೊಳಗೆ ಹೋಗಿ, ಛಾವಣಿ ಕಳಚಿದ ಇಗರ್ಜಿಗಳ ನಡುವೆ ಹಾದು, ಕಿಲ್ಲಾಬಂದರಿನ ಮೀನುಗಾರರ ಕೇರಿಯಲ್ಲಿ ನಿಲ್ಲುತ್ತದೆ. ದೋಣಿಗಳ ಆಚೆ ಕಾಣುವ ಅಗಲವಾದ ನೀರು ಉಲ್ಲಾಸ್ ನದಿಯ ಅಳಿವೆ. ಟಿಟ್ವಾಳಾದ ಕಾಳು ನದಿಯ ನೀರೂ ಇಲ್ಲಿಯೇ ಕಡಲು ಸೇರುತ್ತದೆ.